ಝಾರ್ ಪ್ರಭುತ್ವ ಕುಸಿದದ್ದೇಕೆ? ರಷ್ಯಾದ ಕ್ರಾಂತಿಯ ಹಿಂದಿನ ಕಾರಣಗಳು

ರಷ್ಯಾವನ್ನು 1613ರಿಂದ ಆಳುತ್ತಿದ್ದ ರೊಮಾನೊವ್ ರಾಜವಂಶ 1917ರ ಮಾರ್ಚ್ ತಿಂಗಳಿನಲ್ಲಿ ಎಂಟೇ ದಿನಗಳಲ್ಲಿ ಅಧಿಕಾರ ಕಳೆದುಕೊಂಡಿತು. ಮಾರ್ಚ್ 8ರಂದು ರಾಜಧಾನಿ ಪೆಟ್ರೊಗ್ರಾಡಿನ ಬಟ್ಟೆ ಗಿರಣಿಗಳ ಹೆಂಗಸರು ರೊಟ್ಟಿ ಬೇಕೆಂದು ಬೀದಿಗಿಳಿದರು. ಮಾರ್ಚ್ 15ರ ರಾತ್ರಿ ಝಾರ್ ದೊರೆ ಎರಡನೆಯ ನಿಕೊಲಸ್ ಸಿಂಹಾಸನ ತ್ಯಜಿಸುವ ಪತ್ರಕ್ಕೆ ಸಹಿ ಹಾಕಿದ. ಕೇವಲ ನಾಲ್ಕು ವರ್ಷಗಳ ಹಿಂದೆ, 1913ರಲ್ಲಿ, ಅದೇ ದೊರೆ ತನ್ನ ವಂಶದ ಮುನ್ನೂರನೆಯ ವರ್ಷದ ಉತ್ಸವವನ್ನು ದೇಶದುದ್ದಕ್ಕೂ ವೈಭವದಿಂದ ಆಚರಿಸಿದ್ದ.

ಹಸಿವು, ಯುದ್ಧದ ಸೋಲು, ಅರಮನೆಯಲ್ಲಿ ಪ್ರಭಾವಿಯಾಗಿದ್ದ ‘ಸಾಧು’ ರಾಸ್ಪುಟಿನ್‌ನ ಹಾವಳಿ ಎಂದು ಈ ಪತನಕ್ಕೆ ಸಾಮಾನ್ಯವಾಗಿ ಮೂರು ಕಾರಣ ಹೇಳುತ್ತಾರೆ. ಮೂರೂ ನಿಜವೇ. ಆದರೆ ಹಸಿವೂ ಸೋಲೂ ಬೇರೆ ರಾಜ್ಯಗಳಿಗೂ ಬಂದಿದ್ದವು, ಅವುಗಳಲ್ಲಿ ಕೆಲವೆಡೆ ಸಿಂಹಾಸನ ಉರುಳಲಿಲ್ಲ. ರಷ್ಯಾದಲ್ಲಿ ಉರುಳಿದ್ದು ಏಕೆಂದು ತಿಳಿಯಲು ಅದಕ್ಕೂ ಹಿಂದಿನ ಅರವತ್ತು ವರ್ಷಗಳನ್ನು ನೋಡಬೇಕು. ಆ ಅವಧಿಯಲ್ಲಿ ರೈತರು, ಕಾರ್ಮಿಕರು, ವಿದ್ಯಾವಂತರು, ಕೊನೆಗೆ ಶ್ರೀಮಂತ ಮನೆತನಗಳವರೂ ಆಡಳಿತದಲ್ಲಿ ಪಾಲು ಕೇಳಿದರು. ಪ್ರಭುತ್ವ ಯಾರಿಗೂ ಮನಸಾರೆ ಪಾಲು ಕೊಡಲಿಲ್ಲ.

ದಿನಾಂಕಗಳ ಬಗ್ಗೆ ಒಂದು ಮಾತು. ಆಗ ರಷ್ಯಾದಲ್ಲಿ ಹಳೆಯ ಜೂಲಿಯನ್ ಪಂಚಾಂಗ ಬಳಕೆಯಲ್ಲಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅದು ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದಿತ್ತು. ಮಾರ್ಚ್ ತಿಂಗಳಿನಲ್ಲಿ ನಡೆದದ್ದಕ್ಕೆ ‘ಫೆಬ್ರವರಿ ಕ್ರಾಂತಿ’ ಎಂಬ ಹೆಸರು ಬಂದಿರುವುದು ಇದರಿಂದಲೇ. ಈ ಲೇಖನದಲ್ಲಿ ಇಂದಿನ ಕ್ಯಾಲೆಂಡರಿನ ದಿನಾಂಕಗಳನ್ನೇ ಕೊಟ್ಟಿದೆ.

ನಿರಂಕುಶ ಪ್ರಭುತ್ವದ ಸ್ವರೂಪ

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನ ಬಹುತೇಕ ರಾಜರು ಯಾವುದಾದರೊಂದು ಸಂವಿಧಾನಕ್ಕೋ ಸಂಸತ್ತಿಗೋ ತಲೆಬಾಗಿದ್ದರು. ರಷ್ಯಾದ ಝಾರ್ ಮಾತ್ರ ಯಾರಿಗೂ ಉತ್ತರ ಹೇಳಬೇಕಿರಲಿಲ್ಲ. ಕಾನೂನು ಮಾಡುವವನೂ ಅವನೇ, ಮಂತ್ರಿಗಳನ್ನು ನೇಮಿಸಿ ತೆಗೆಯುವವನೂ ಅವನೇ. ಮಂತ್ರಿಗಳು ಒಬ್ಬೊಬ್ಬರಾಗಿ ದೊರೆಗೆ ವರದಿ ಒಪ್ಪಿಸುತ್ತಿದ್ದರು. ಎಲ್ಲರೂ ಸೇರಿ ಒಂದು ನೀತಿಗೆ ಹೊಣೆಯಾಗುವ ಸಂಪುಟ 1905ರವರೆಗೂ ಇರಲಿಲ್ಲ. ಆರ್ಥಡಾಕ್ಸ್ ಚರ್ಚು ಸರ್ಕಾರದ ಒಂದು ಇಲಾಖೆಯಂತೆ ನಡೆಯುತ್ತಿತ್ತು. ದೊರೆಗೆ ವಿಧೇಯರಾಗಿರುವುದು ದೈವಾಜ್ಞೆ ಎಂದು ಪಾದ್ರಿಗಳು ಬೋಧಿಸುತ್ತಿದ್ದರು.

ಈ ಪದ್ಧತಿಯನ್ನು ಮೊದಲು ಪ್ರಶ್ನಿಸಿದವರು ಬಡವರಲ್ಲ, ಸೇನಾಧಿಕಾರಿಗಳು. ನೆಪೋಲಿಯನ್ನನ ವಿರುದ್ಧ ಹೋರಾಡುತ್ತ ಪ್ಯಾರಿಸ್ಸಿನವರೆಗೆ ಹೋಗಿಬಂದ ಕುಲೀನ ಯುವಕರು ಸಂವಿಧಾನ ಬೇಕೆಂದು 1825ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸೆನೆಟ್ ಚೌಕದಲ್ಲಿ ಬಂಡೆದ್ದರು. ದಂಗೆ ಒಂದೇ ದಿನದಲ್ಲಿ ಅಡಗಿತು. ಐವರಿಗೆ ಗಲ್ಲಾಯಿತು, ಇತರರನ್ನು ಸೈಬೀರಿಯಾಕ್ಕೆ ಅಟ್ಟಲಾಯಿತು. ‘ಡಿಸೆಂಬರಿಸ್ಟರು’ ಎಂದು ಹೆಸರಾದ ಇವರು ಮುಂದಿನ ಮೂರು ತಲೆಮಾರಿನ ಬಂಡಾಯಗಾರರಿಗೆ ಆದರ್ಶವಾದರು.

1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದ ಸೋಲು ಆಳುವವರನ್ನೂ ಎಚ್ಚರಿಸಿತು. ಆಗಿನ ಝಾರ್ ಎರಡನೆಯ ಅಲೆಕ್ಸಾಂಡರ್ 1861ರಲ್ಲಿ ಜೀತ ತೆಗೆದುಹಾಕಿದ. 1864ರಲ್ಲಿ ಜೂರಿ ಪದ್ಧತಿಯ ನ್ಯಾಯಾಲಯಗಳನ್ನೂ ‘ಝೆಮ್‌ಸ್ಟ್ವೊ’ ಎಂಬ ಸ್ಥಳೀಯ ಮಂಡಳಿಗಳನ್ನೂ ತಂದ. ಈ ಮಂಡಳಿಗಳು ಶಾಲೆ, ಆಸ್ಪತ್ರೆ, ರಸ್ತೆಗಳನ್ನು ನೋಡಿಕೊಳ್ಳುತ್ತಿದ್ದವು. ಆದರೆ ಅವುಗಳ ಮೇಲೆ ಇಡೀ ದೇಶಕ್ಕೊಂದು ಪ್ರಾತಿನಿಧಿಕ ಸಭೆ ಬರಲಿಲ್ಲ. 1881ರ ಮಾರ್ಚ್ 13ರಂದು ಕ್ರಾಂತಿಕಾರಿಗಳ ಬಾಂಬಿಗೆ ಅಲೆಕ್ಸಾಂಡರ್ ಬಲಿಯಾದ ಮೇಲೆ ಅವನ ಮಗ ಮೂರನೆಯ ಅಲೆಕ್ಸಾಂಡರ್ ಸುಧಾರಣೆಯ ಹಾದಿಯನ್ನೇ ಬಿಟ್ಟ. ಅದೇ ವರ್ಷ ‘ತಾತ್ಕಾಲಿಕ’ ಎಂದು ಹೊರಡಿಸಿದ ತುರ್ತುಪರಿಸ್ಥಿತಿಯ ನಿಯಮಗಳು ವಿಚಾರಣೆಯಿಲ್ಲದೆ ಜನರನ್ನು ಗಡೀಪಾರು ಮಾಡುವ ಅಧಿಕಾರವನ್ನು ಅಧಿಕಾರಿಗಳಿಗೆ ಕೊಟ್ಟವು. ಪ್ರಭುತ್ವ ಬೀಳುವವರೆಗೂ ಅವು ಜಾರಿಯಲ್ಲಿದ್ದವು.

ರೈತ ಮತ್ತು ಭೂಮಿ

1897ರ ಜನಗಣತಿಯ ಪ್ರಕಾರ ಸಾಮ್ರಾಜ್ಯದ ಜನಸಂಖ್ಯೆ ಸುಮಾರು 12.5 ಕೋಟಿ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ರೈತ ವರ್ಗದವರು. ಓದು ಬರಹ ಬಲ್ಲವರು ನೂರಕ್ಕೆ 21 ಮಂದಿ. ರಷ್ಯಾದ ರಾಜಕೀಯದ ಬುಡದಲ್ಲಿದ್ದದ್ದು ಭೂಮಿಯ ಪ್ರಶ್ನೆ.

1861ರವರೆಗೆ ಸುಮಾರು 2.3 ಕೋಟಿ ಮಂದಿ ಖಾಸಗಿ ಜಮೀನ್ದಾರರ ಜೀತದಾಳುಗಳಾಗಿದ್ದರು. ಒಡೆಯ ಅವರನ್ನು ಮಾರಬಹುದಿತ್ತು, ಹೊಡೆಯಬಹುದಿತ್ತು, ಸೈನ್ಯಕ್ಕೆ ಕಳಿಸಬಹುದಿತ್ತು. 1861ರ ಶಾಸನ ಅವರ ಮೈಗೆ ಬಿಡುಗಡೆ ಕೊಟ್ಟಿತಾದರೂ ಭೂಮಿಯನ್ನು ಬಿಟ್ಟಿಯಾಗಿ ಕೊಡಲಿಲ್ಲ. ಸರ್ಕಾರ ಜಮೀನ್ದಾರನಿಗೆ ಪರಿಹಾರ ಕೊಟ್ಟು, ಆ ಹಣವನ್ನು ಬಡ್ಡಿಸಮೇತ 49 ವರ್ಷಗಳ ಕಂತಿನಲ್ಲಿ ರೈತನಿಂದ ವಸೂಲಿ ಮಾಡತೊಡಗಿತು. ಭೂಮಿಗೆ ಕಟ್ಟಿದ ಬೆಲೆಯೂ ಹಲವೆಡೆ ಪೇಟೆಯ ಬೆಲೆಗಿಂತ ಹೆಚ್ಚಿತ್ತು. ತಾವು ಉಳುತ್ತಿದ್ದ ಹೊಲದಲ್ಲಿ ಒಂದಷ್ಟನ್ನು, ಜೊತೆಗೆ ಹುಲ್ಲುಗಾವಲನ್ನೂ ಕಾಡನ್ನೂ ಜಮೀನ್ದಾರ ಕತ್ತರಿಸಿ ಇಟ್ಟುಕೊಂಡದ್ದನ್ನು ರೈತರು ಕಡೆಯವರೆಗೂ ಮರೆಯಲಿಲ್ಲ. ಉಳುವವನದೇ ಭೂಮಿ, ಅದಕ್ಕೆ ಕಂತು ಕಟ್ಟುವುದೇಕೆ ಎಂಬುದು ಅವರ ನೇರವಾದ ಪ್ರಶ್ನೆಯಾಗಿತ್ತು.

ಭೂಮಿ ಸಿಕ್ಕಿದ್ದೂ ಒಬ್ಬೊಬ್ಬ ರೈತನ ಹೆಸರಿಗಲ್ಲ, ‘ಮೀರ್’ ಎಂಬ ಗ್ರಾಮ ಸಮುದಾಯದ ಹೆಸರಿಗೆ. ಮನೆಯ ಜನಸಂಖ್ಯೆ ನೋಡಿ ಮೀರ್ ಆಗಾಗ ಹೊಲಗಳನ್ನು ಮರುಹಂಚಿಕೆ ಮಾಡುತ್ತಿತ್ತು. ಒಂದೊಂದು ಕುಟುಂಬಕ್ಕೂ ಊರ ಸುತ್ತ ಅಲ್ಲಲ್ಲಿ ಚದುರಿದ ಪಟ್ಟಿಗಳು ಬರುತ್ತಿದ್ದವು. ಇಂದು ತನ್ನದಾದ ಪಟ್ಟಿ ನಾಳೆ ಇನ್ನೊಬ್ಬನದಾಗುವಾಗ ಗೊಬ್ಬರ ಹಾಕಿ ನೆಲ ಹಸನು ಮಾಡುವ ಉಮೇದು ಯಾರಿಗೂ ಇರಲಿಲ್ಲ. ತೆರಿಗೆಗೂ ಕಂತಿಗೂ ಇಡೀ ಊರು ಒಟ್ಟಾಗಿ ಹೊಣೆ. ಹೀಗಾಗಿ ಸಮುದಾಯದ ಒಪ್ಪಿಗೆ ಮತ್ತು ರಹದಾರಿ ಪತ್ರ ಇಲ್ಲದೆ ರೈತ ಊರು ಬಿಟ್ಟು ಹೋಗುವಂತಿರಲಿಲ್ಲ.

ಜನಸಂಖ್ಯೆ ಏರುತ್ತಲೇ ಹೋಯಿತು, ತಲಾ ಭೂಮಿ ಕುಗ್ಗಿತು. 1891-92ರಲ್ಲಿ ವೋಲ್ಗಾ ಪ್ರಾಂತ್ಯದಲ್ಲಿ ಬಂದ ಬರ ಮತ್ತು ಕಾಲರಾಕ್ಕೆ ಸುಮಾರು ನಾಲ್ಕು ಲಕ್ಷ ಜನ ಸತ್ತರು. ಅದಕ್ಕೂ ಮುಂಚಿನ ವರ್ಷಗಳಲ್ಲಿ ವಿದೇಶಿ ಹಣ ಗಳಿಸಲೆಂದು ಸರ್ಕಾರ ಧಾನ್ಯ ರಫ್ತಿಗೆ ಒತ್ತು ಕೊಟ್ಟಿತ್ತು, ರಫ್ತು ನಿಲ್ಲಿಸುವುದರಲ್ಲೂ ತಡಮಾಡಿತು. ಪರಿಹಾರ ಕೆಲಸಕ್ಕೆ ಝೆಮ್‌ಸ್ಟ್ವೊಗಳು ಮುಂದಾದವು. ಸಾಹಿತಿ ಲಿಯೊ ಟಾಲ್‌ಸ್ಟಾಯ್ ಗಂಜಿಕೇಂದ್ರಗಳನ್ನು ತೆರೆದ. ಸರ್ಕಾರ ಮಾಡಲಾಗದ್ದನ್ನು ಸಮಾಜ ಮಾಡಬಲ್ಲದು ಎಂಬ ಆತ್ಮವಿಶ್ವಾಸ ವಿದ್ಯಾವಂತರಲ್ಲಿ ಹುಟ್ಟಿದ್ದು ಈ ಬರಗಾಲದಲ್ಲಿ.

ಕಾರ್ಖಾನೆಗಳ ಏಳಿಗೆ, ಕಾರ್ಮಿಕರ ಕುದಿ

1892ರಲ್ಲಿ ಹಣಕಾಸು ಮಂತ್ರಿಯಾದ ಸೆರ್ಗೈ ವಿಟ್ಟೆ ರಷ್ಯಾವನ್ನು ಕೈಗಾರಿಕಾ ದೇಶವನ್ನಾಗಿಸಲು ಪಣತೊಟ್ಟ. 1891ರಲ್ಲಿ ಆರಂಭವಾಗಿದ್ದ ಟ್ರಾನ್ಸ್-ಸೈಬೀರಿಯನ್ ರೈಲುಮಾರ್ಗಕ್ಕೆ ಅವನ ಕಾಲದಲ್ಲಿ ವೇಗ ಬಂತು. 1897ರಲ್ಲಿ ರೂಬಲ್ ನಾಣ್ಯವನ್ನು ಚಿನ್ನದ ಆಧಾರಕ್ಕೆ ತಂದದ್ದರಿಂದ ಫ್ರಾನ್ಸ್, ಬೆಲ್ಜಿಯಂಗಳ ಬಂಡವಾಳ ಹರಿದುಬಂತು. ಡೊನೆಟ್ಸ್ ಕಣಿವೆಯಲ್ಲಿ ಕಲ್ಲಿದ್ದಲು ಮತ್ತು ಉಕ್ಕು, ಬಾಕುವಿನಲ್ಲಿ ತೈಲ, ಪೀಟರ್ಸ್‌ಬರ್ಗಿನಲ್ಲಿ ಯಂತ್ರೋಪಕರಣ, ಮಾಸ್ಕೋ ಸುತ್ತ ಬಟ್ಟೆ ಗಿರಣಿಗಳು ಬೆಳೆದವು. ಇದರ ಖರ್ಚು ಬಿದ್ದದ್ದು ಬೆಂಕಿಪೊಟ್ಟಣ, ಸಕ್ಕರೆ, ಸೀಮೆಎಣ್ಣೆ, ವೋಡ್ಕಾಗಳ ಮೇಲಿನ ತೆರಿಗೆಯ ರೂಪದಲ್ಲಿ ಬಡವರ ಮೇಲೆಯೇ.

ಹಳ್ಳಿಯಿಂದ ಬಂದ ಹೊಸ ಕಾರ್ಮಿಕರು ಕಾರ್ಖಾನೆಯ ಪಕ್ಕದ ದೊಡ್ಡ ವಸತಿ ಶೆಡ್ಡುಗಳಲ್ಲಿ ಹಲಗೆಗಳ ಮೇಲೆ ಸಾಲಾಗಿ ಮಲಗುತ್ತಿದ್ದರು. ಹಗಲು ಪಾಳಿಯವ ಎದ್ದು ಹೋದ ಹಲಗೆಯ ಮೇಲೆ ರಾತ್ರಿ ಪಾಳಿಯವ ಬಂದು ಒರಗುವುದೂ ಇತ್ತು. ದಿನದ ದುಡಿಮೆಯನ್ನು ಹನ್ನೊಂದೂವರೆ ಗಂಟೆಗೆ ಮಿತಿಗೊಳಿಸಿದ ಕಾನೂನು ಬಂದದ್ದೇ 1897ರಲ್ಲಿ, ಅದೂ ದೊಡ್ಡ ಮುಷ್ಕರಗಳ ನಂತರ. ಕಾರ್ಮಿಕ ಸಂಘ ಕಟ್ಟುವುದು 1906ರವರೆಗೆ ಕಾನೂನುಬಾಹಿರ. ಮುಷ್ಕರವೂ ಅಪರಾಧ. ಹಾಗಾಗಿ ಕೂಲಿ ಹೆಚ್ಚಿಸಿ ಎಂದು ಕೇಳಿದವನೂ ಪೊಲೀಸರ ಕಣ್ಣಿಗೆ ರಾಜದ್ರೋಹಿಯಾಗಿ ಕಾಣುತ್ತಿದ್ದ. ಬ್ರಿಟನ್ನಿನಲ್ಲಿ ಮಾಲೀಕ ಮತ್ತು ಕಾರ್ಮಿಕರ ನಡುವೆ ಮುಗಿಯುತ್ತಿದ್ದ ಜಗಳ ರಷ್ಯಾದಲ್ಲಿ ನೇರವಾಗಿ ಝಾರ್ ವಿರುದ್ಧದ ಜಗಳವಾಗುತ್ತಿತ್ತು.

ಒಟ್ಟು ಜನಸಂಖ್ಯೆಯ ಎದುರು ಕಾರ್ಮಿಕರ ಸಂಖ್ಯೆ ಸಣ್ಣದು. 1914ರಲ್ಲೂ ಕಾರ್ಖಾನೆ ಮತ್ತು ಗಣಿಗಳಲ್ಲಿ ದುಡಿಯುತ್ತಿದ್ದವರು 25ರಿಂದ 30 ಲಕ್ಷ. ಆದರೆ ಅವರಿದ್ದ ಜಾಗ ಮುಖ್ಯ. ರಾಜಧಾನಿಯಲ್ಲೇ ಇದ್ದ ಪುಟಿಲೊವ್ ಕಾರ್ಖಾನೆಯಂಥ ಕಡೆ ಹತ್ತಾರು ಸಾವಿರ ಮಂದಿ ಒಂದೇ ಗೇಟಿನಿಂದ ಒಳಹೋಗಿ ಹೊರಬರುತ್ತಿದ್ದರು. ಅವರು ಕೆಲಸ ನಿಲ್ಲಿಸಿದರೆ ಸರ್ಕಾರದ ಮನೆಬಾಗಿಲಲ್ಲೇ ನಿಲ್ಲಿಸಿದಂತೆ.

ವಿದ್ಯಾವಂತರ ಅತೃಪ್ತಿ ಮತ್ತು ಪಕ್ಷಗಳ ಹುಟ್ಟು

ವಿಶ್ವವಿದ್ಯಾಲಯಗಳು ವೈದ್ಯರು, ವಕೀಲರು, ಶಿಕ್ಷಕರು, ಎಂಜಿನಿಯರುಗಳನ್ನು ತಯಾರಿಸಿದವು. ಇವರಿಗೆ ರಾಜಕೀಯದಲ್ಲಿ ಜಾಗ ಇರಲಿಲ್ಲ. ಪತ್ರಿಕೆಗಳ ಮೇಲೆ ಸೆನ್ಸಾರ್, ಹಿಂದೆ ಮುಂದೆ ‘ಒಖ್ರಾನಾ’ ಎಂಬ ಗುಪ್ತ ಪೊಲೀಸರ ಬೇಹುಗಾರರು. 1874ರಲ್ಲಿ ಸಾವಿರಾರು ವಿದ್ಯಾರ್ಥಿಗಳು ರೈತರನ್ನು ಎಚ್ಚರಿಸಲೆಂದು ಹಳ್ಳಿಗಳಿಗೆ ಹೋದರು. ಎಷ್ಟೋ ಕಡೆ ರೈತರು ಅವರನ್ನು ನಂಬಲಿಲ್ಲ, ಕೆಲವೆಡೆ ಪೊಲೀಸರಿಗೇ ಒಪ್ಪಿಸಿದರು. ಮಾತಿನಿಂದ ಆಗದು ಎಂದುಕೊಂಡ ಒಂದು ಗುಂಪು ‘ನರೋದ್ನಾಯ ವೋಲ್ಯಾ’ ಸಂಘಟನೆ ಕಟ್ಟಿ ಬಾಂಬು ಹಿಡಿಯಿತು. 1881ರಲ್ಲಿ ಎರಡನೆಯ ಅಲೆಕ್ಸಾಂಡರನನ್ನು ಕೊಂದದ್ದು ಇದೇ ಸಂಘಟನೆ. 1887ರಲ್ಲಿ ಅವನ ಮಗನನ್ನು ಕೊಲ್ಲುವ ಸಂಚಿನಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿ ಅಲೆಕ್ಸಾಂಡರ್ ಉಲ್ಯಾನೊವ್ ಗಲ್ಲಿಗೇರಿದ. ಅವನ ತಮ್ಮ ವ್ಲಾದಿಮಿರ್ ಮುಂದೆ ಲೆನಿನ್ ಎಂದು ಹೆಸರಾದ.

ಹೊಸ ಶತಮಾನದ ಆರಂಭದಲ್ಲಿ ಮೂರು ಪ್ರವಾಹಗಳು ರೂಪುಗೊಂಡವು. ರೈತರಿಗೆ ಭೂಮಿ ಬೇಕೆಂದ ಸಮಾಜವಾದಿ ಕ್ರಾಂತಿಕಾರಿ ಪಕ್ಷ ಮಂತ್ರಿಗಳ ಹತ್ಯೆಯನ್ನೂ ಅಸ್ತ್ರವಾಗಿ ಬಳಸಿತು. ಕಾರ್ಮಿಕರನ್ನು ನೆಚ್ಚಿದ ಮಾರ್ಕ್ಸ್‌ವಾದಿಗಳು 1898ರಲ್ಲಿ ಮಿನ್‌ಸ್ಕ್ ನಗರದಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸ್ಥಾಪಿಸಿದರು. ಅದು 1903ರಲ್ಲಿ ಬೊಲ್ಶೆವಿಕ್ ಮತ್ತು ಮೆನ್ಶೆವಿಕ್ ಎಂದು ಒಡೆಯಿತು. ಸಂವಿಧಾನ ಕೇಳುತ್ತಿದ್ದ ಉದಾರವಾದಿಗಳು 1905ರಲ್ಲಿ ಕೆಡೆಟ್ ಪಕ್ಷವಾದರು. ಇವರಲ್ಲಿ ಮೂರನೆಯವರು ರಾಜನನ್ನು ಉಳಿಸಿಕೊಂಡೇ ಸುಧಾರಣೆ ಆಗಲಿ ಎನ್ನುವವರು. ಅವರನ್ನೂ ಪ್ರಭುತ್ವ ಶತ್ರುಗಳ ಸಾಲಿನಲ್ಲೇ ನಿಲ್ಲಿಸಿತು.

ರಷ್ಯನ್ನರಲ್ಲದ ಪ್ರಜೆಗಳು

ಸಾಮ್ರಾಜ್ಯದಲ್ಲಿ ರಷ್ಯನ್ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ, ಸುಮಾರು ಶೇ. 44. ಪೋಲರು, ಉಕ್ರೇನಿಯನ್ನರು, ಫಿನ್‌ಲೆಂಡಿನವರು, ಬಾಲ್ಟಿಕ್ ಜನ, ಜಾರ್ಜಿಯನ್ನರು, ಆರ್ಮೇನಿಯನ್ನರು, ಯಹೂದಿಗಳು, ಮಧ್ಯ ಏಷ್ಯಾದ ಮುಸ್ಲಿಮರು ಉಳಿದವರು. ಮೂರನೆಯ ಅಲೆಕ್ಸಾಂಡರನ ಕಾಲದಿಂದ ಶಾಲೆ, ಕಚೇರಿ, ಕೋರ್ಟುಗಳಲ್ಲಿ ರಷ್ಯನ್ ಹೇರಿಕೆ ಬಿಗಿಯಾಯಿತು. ಯಹೂದಿಗಳು ಪಶ್ಚಿಮದ ನಿಗದಿತ ಪ್ರಾಂತ್ಯಗಳಲ್ಲಿ ಮಾತ್ರ ವಾಸಿಸಬೇಕಿತ್ತು. 1882ರ ‘ಮೇ ಕಾನೂನುಗಳು’ ಅಲ್ಲೂ ಅವರು ಹೊಸದಾಗಿ ಹಳ್ಳಿಗಳಲ್ಲಿ ನೆಲೆಸದಂತೆ ತಡೆದವು. 1903ರಲ್ಲಿ ಕಿಶಿನೆವ್ ನಗರದಲ್ಲಿ ನಡೆದ ಯಹೂದಿಗಳ ಹತ್ಯಾಕಾಂಡ ಜಗತ್ತಿನೆಲ್ಲೆಡೆ ಖಂಡನೆಗೆ ಒಳಗಾಯಿತು. ನಿಷ್ಠರಾಗಿದ್ದ ಫಿನ್‌ಲೆಂಡಿನವರ ಸ್ವಾಯತ್ತತೆಯನ್ನೂ 1899ರಿಂದ ಮೊಟಕುಗೊಳಿಸಲಾಯಿತು. ಹೀಗೆ ಗಡಿನಾಡುಗಳಲ್ಲಿ ಕ್ರಾಂತಿಕಾರಿ ಪಕ್ಷಗಳಿಗೆ ಯುವಕರ ಕೊರತೆ ಬೀಳಲಿಲ್ಲ.

ದೊರೆ ನಿಕೊಲಸ್

1894ರಲ್ಲಿ ತಂದೆ ತೀರಿಕೊಂಡಾಗ ನಿಕೊಲಸ್‌ಗೆ 26 ವರ್ಷ. ಅವನು ಸೌಮ್ಯ ಸ್ವಭಾವದವ, ಕುಟುಂಬವತ್ಸಲ. ಆದರೆ ದೇವರು ತನಗೆ ಕೊಟ್ಟ ಅಧಿಕಾರವನ್ನು ತುಸುವೂ ಕುಂದಿಲ್ಲದೆ ಮಗನಿಗೆ ಒಪ್ಪಿಸಬೇಕು ಎಂಬ ನಂಬಿಕೆಯಲ್ಲಿ ಅಚಲ. 1895ರ ಜನವರಿಯಲ್ಲಿ ಶುಭಾಶಯ ಹೇಳಲು ಬಂದ ಝೆಮ್‌ಸ್ಟ್ವೊ ಪ್ರತಿನಿಧಿಗಳಿಗೆ, ಆಡಳಿತದಲ್ಲಿ ಪಾಲ್ಗೊಳ್ಳುವ ಆಸೆ ಅರ್ಥವಿಲ್ಲದ ಕನಸು ಎಂದು ಮುಖಕ್ಕೆ ಹೇಳಿ ಕಳಿಸಿದ. ರಾಜನಿಷ್ಠರಾಗಿಯೇ ಬಂದಿದ್ದವರು ಮನಸ್ಸು ಮುರಿದುಕೊಂಡು ಮರಳಿದರು.

1896ರ ಮೇ 30ರಂದು, ಪಟ್ಟಾಭಿಷೇಕದ ಉಡುಗೊರೆ ಪಡೆಯಲು ಮಾಸ್ಕೋದ ಖೊದಿಂಕಾ ಮೈದಾನದಲ್ಲಿ ಸೇರಿದ್ದ ಜನಜಂಗುಳಿಯಲ್ಲಿ ನೂಕುನುಗ್ಗಲಾಗಿ, ಸರ್ಕಾರಿ ಲೆಕ್ಕದಲ್ಲೇ 1,300ಕ್ಕೂ ಹೆಚ್ಚು ಮಂದಿ ಸತ್ತರು. ಅಂದು ರಾತ್ರಿ ಫ್ರೆಂಚ್ ರಾಯಭಾರಿ ಏರ್ಪಡಿಸಿದ್ದ ನೃತ್ಯಕೂಟಕ್ಕೆ ದೊರೆ ಹೋದ. ಹೋಗಲು ಅವನಿಗೆ ಮನಸ್ಸಿರಲಿಲ್ಲ, ಬಂಧುಗಳ ಒತ್ತಾಯಕ್ಕೆ ಮಣಿದ. ಮರುದಿನ ಆಸ್ಪತ್ರೆಗೆ ಭೇಟಿ ಕೊಟ್ಟ, ಪರಿಹಾರವನ್ನೂ ಕೊಟ್ಟ. ಆದರೂ ಜನರ ನೆನಪಿನಲ್ಲಿ ಉಳಿದದ್ದು ಆ ನೃತ್ಯಕೂಟ.

1905: ಮೊದಲ ಬಿರುಕು

1904ರಲ್ಲಿ ಮಂಚೂರಿಯಾ ಮತ್ತು ಕೊರಿಯಾದ ಮೇಲಿನ ಹಿಡಿತಕ್ಕಾಗಿ ಜಪಾನಿನೊಡನೆ ಯುದ್ಧ ಶುರುವಾಯಿತು. ಸುಲಭದ ಗೆಲುವು ಜನರ ಅಸಮಾಧಾನವನ್ನು ಮರೆಸೀತು ಎಂಬ ಆಸೆ ಕೆಲವು ಅಧಿಕಾರಸ್ಥರಿಗಿತ್ತು. ಆದರೆ ಪೋರ್ಟ್ ಆರ್ಥರ್ ಶರಣಾಯಿತು, ಮುಕ್ಡೆನ್‌ನಲ್ಲಿ ಸೈನ್ಯ ಸೋತಿತು, 1905ರ ಮೇ ಕೊನೆಯಲ್ಲಿ ತ್ಸುಶಿಮಾ ಜಲಸಂಧಿಯಲ್ಲಿ ಅರ್ಧ ಭೂಮಂಡಲ ಸುತ್ತಿ ಬಂದಿದ್ದ ಬಾಲ್ಟಿಕ್ ನೌಕಾಪಡೆ ಮುಳುಗಿತು.

ಈ ನಡುವೆ ರಾಜಧಾನಿಯಲ್ಲಿ ರಕ್ತ ಹರಿಯಿತು. 1905ರ ಜನವರಿ 22ರ ಭಾನುವಾರ ಪಾದ್ರಿ ಗಿಯೋರ್ಗಿ ಗಪೊನ್ ನೇತೃತ್ವದಲ್ಲಿ ಕಾರ್ಮಿಕರು ಹೆಂಡಿರು ಮಕ್ಕಳ ಸಮೇತ ಚಳಿಗಾಲದ ಅರಮನೆಯ ಕಡೆ ಹೊರಟರು. ಕೈಯಲ್ಲಿ ಝಾರ್ ಚಿತ್ರಪಟ, ಸಂತರ ವಿಗ್ರಹಪಟ, ಮತ್ತು ಒಂದು ಮನವಿ. ಎಂಟು ಗಂಟೆಯ ದುಡಿಮೆ, ನ್ಯಾಯವಾದ ಕೂಲಿ, ಚುನಾಯಿತ ಸಭೆ ಅದರಲ್ಲಿದ್ದ ಬೇಡಿಕೆಗಳು. ದೊರೆ ಅಂದು ಅರಮನೆಯಲ್ಲಿ ಇರಲೇ ಇಲ್ಲ, ಊರಾಚೆಯ ತ್ಸಾರ್‌ಸ್ಕೊಯೆ ಸೆಲೊದಲ್ಲಿದ್ದ. ಸೈನಿಕರು ಗುಂಡು ಹಾರಿಸಿದರು. ಸತ್ತವರು ಸುಮಾರು 130 ಎಂದು ಸರ್ಕಾರ ಹೇಳಿತು, ಇತರ ಅಂದಾಜುಗಳು ಅದಕ್ಕಿಂತ ಬಹಳ ಹೆಚ್ಚು. ಮಂತ್ರಿಗಳು ಕೆಟ್ಟವರು, ದೊರೆ ಮಾತ್ರ ತಂದೆಯಂಥವನು ಎಂದು ತಲೆಮಾರುಗಳಿಂದ ಜನ ನಂಬಿಕೊಂಡು ಬಂದಿದ್ದರು. ‘ರಕ್ತಸಿಕ್ತ ಭಾನುವಾರ’ದಂದು ಆ ನಂಬಿಕೆಗೆ ಏಟು ಬಿತ್ತು.

ಆ ವರ್ಷವಿಡೀ ದೇಶ ಹೊತ್ತಿ ಉರಿಯಿತು. ರೈತರು ಜಮೀನ್ದಾರರ ಬಂಗಲೆಗಳಿಗೆ ಬೆಂಕಿಯಿಟ್ಟರು. ಜೂನ್‌ನಲ್ಲಿ ಕಪ್ಪುಸಮುದ್ರದ ಪೊಟೆಮ್ಕಿನ್ ಯುದ್ಧನೌಕೆಯ ನಾವಿಕರು ಕೊಳೆತ ಮಾಂಸದ ನೆಪದಲ್ಲಿ ದಂಗೆಯೆದ್ದರು. ಅಕ್ಟೋಬರಿನ ಸಾರ್ವತ್ರಿಕ ಮುಷ್ಕರದಲ್ಲಿ ರೈಲು, ತಂತಿ, ಅಂಗಡಿ, ಶಾಲೆ ಎಲ್ಲವೂ ನಿಂತವು. ರಾಜಧಾನಿಯಲ್ಲಿ ಕಾರ್ಮಿಕರ ‘ಸೋವಿಯತ್’ ಎಂಬ ಚುನಾಯಿತ ಮಂಡಳಿ ಹುಟ್ಟಿತು, ಟ್ರಾಟ್‌ಸ್ಕಿ ಅದರ ಮುಂದಾಳುಗಳಲ್ಲಿ ಒಬ್ಬನಾದ. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯವರು ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಈ ಮುಷ್ಕರದ ಬಗ್ಗೆ ಬರೆದು, ಆಳಿಸಿಕೊಳ್ಳುವವರ ಸಹಕಾರವಿಲ್ಲದೆ ಯಾವ ಬಲಾಢ್ಯ ಸರ್ಕಾರವೂ ನಡೆಯದು ಎಂಬ ಪಾಠವನ್ನು ಅದರಲ್ಲಿ ಕಂಡರು.

ಬೇರೆ ದಾರಿ ಕಾಣದೆ ನಿಕೊಲಸ್ ಅಕ್ಟೋಬರ್ 30ರಂದು ಘೋಷಣೆ ಹೊರಡಿಸಿ ವಾಕ್‌ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು ಮತ್ತು ಶಾಸನಾಧಿಕಾರವುಳ್ಳ ‘ಡೂಮಾ’ ಎಂಬ ಸಭೆಯ ಭರವಸೆ ಕೊಟ್ಟ. ಉದಾರವಾದಿಗಳಲ್ಲಿ ಹಲವರು ಅದಕ್ಕೆ ಒಪ್ಪಿ ಹಿಂದೆ ಸರಿದರು. ಡಿಸೆಂಬರಿನಲ್ಲಿ ಮಾಸ್ಕೋದ ಸಶಸ್ತ್ರ ದಂಗೆಯನ್ನು ಫಿರಂಗಿ ಬಳಸಿ ಹತ್ತಿಕ್ಕಲಾಯಿತು. ಸೈನ್ಯ ಒಟ್ಟಾರೆ ದೊರೆಯ ಜೊತೆ ನಿಂತದ್ದರಿಂದಲೇ ಅವನು ಆ ಬಾರಿ ಉಳಿದುಕೊಂಡ.

ಕೊಟ್ಟು ಕಿತ್ತುಕೊಂಡ ಡೂಮಾ

ಗಂಡಾಂತರ ಕಳೆದೊಡನೆ ದೊರೆ ಕೊಟ್ಟದ್ದನ್ನು ಹಿಂದಕ್ಕೆ ಎಳೆದುಕೊಳ್ಳತೊಡಗಿದ. 1906ರ ಮೂಲ ಕಾನೂನುಗಳು ಸರ್ವೋಚ್ಚ ಅಧಿಕಾರ ಝಾರ್‌ನದೇ ಎಂದು ಮತ್ತೆ ಸಾರಿದವು. ಮಂತ್ರಿಗಳು ಡೂಮಾಗೆ ಉತ್ತರದಾಯಿಗಳಾಗಲಿಲ್ಲ. ಜಮೀನ್ದಾರರ ಭೂಮಿಯನ್ನು ಹಂಚಬೇಕೆಂದ ಮೊದಲ ಡೂಮಾ ಮೂರು ತಿಂಗಳೂ ತುಂಬುವ ಮುನ್ನ ವಿಸರ್ಜನೆಯಾಯಿತು. ಎರಡನೆಯದು 1907ರ ಜೂನ್‌ನಲ್ಲಿ ಮುಗಿಯಿತು. ಅದೇ ದಿನ ಚುನಾವಣಾ ಕಾನೂನನ್ನೇ ಬದಲಿಸಿ ಜಮೀನ್ದಾರರ ಮತಕ್ಕೆ ತೂಕ ಹೆಚ್ಚಿಸಿ ರೈತರು, ಕಾರ್ಮಿಕರು, ರಷ್ಯನ್ನೇತರರ ಪ್ರಾತಿನಿಧ್ಯ ಕಡಿತಗೊಳಿಸಲಾಯಿತು.

1906ರಿಂದ ಪ್ರಧಾನಿಯಾಗಿದ್ದ ಪ್ಯೋತ್ರ್ ಸ್ಟೊಲಿಪಿನ್ ಪ್ರಭುತ್ವಕ್ಕೆ ಸಿಕ್ಕ ಕೊನೆಯ ಸಮರ್ಥ ಆಡಳಿತಗಾರ. ಅವನ ಸೇನಾ ನ್ಯಾಯಾಲಯಗಳು ನೂರಾರು ಜನರನ್ನು ಕೆಲವೇ ದಿನಗಳ ವಿಚಾರಣೆಯಲ್ಲಿ ಗಲ್ಲಿಗೇರಿಸಿದವು, ಗಲ್ಲಿನ ಹಗ್ಗಕ್ಕೆ ‘ಸ್ಟೊಲಿಪಿನ್ ಟೈ’ ಎಂಬ ಅಡ್ಡಹೆಸರು ಬಿತ್ತು. ಇನ್ನೊಂದು ಕಡೆ, ಮೀರ್ ಬಿಟ್ಟು ಹೊರಬಂದು ಸ್ವಂತ ಜಮೀನು ಮಾಡಿಕೊಳ್ಳಲು ಅವನು ರೈತರಿಗೆ ಅವಕಾಶ ಕಲ್ಪಿಸಿದ. 1907ರಿಂದ ಬಿಡುಗಡೆಯ ಕಂತುಗಳೂ ರದ್ದಾದವು. ಆಸ್ತಿಯುಳ್ಳ ರೈತ ದೊರೆಯ ಪಕ್ಷ ವಹಿಸುತ್ತಾನೆ ಎಂಬುದು ಲೆಕ್ಕಾಚಾರ. ಇದು ಫಲಿಸಲು ಇಪ್ಪತ್ತು ವರ್ಷ ನೆಮ್ಮದಿ ಬೇಕಿತ್ತು. 1911ರ ಸೆಪ್ಟೆಂಬರಿನಲ್ಲಿ ಕೀವ್ ನಗರದ ರಂಗಮಂದಿರದಲ್ಲಿ, ದೊರೆಯ ಎದುರೇ, ಸ್ಟೊಲಿಪಿನ್ ಗುಂಡೇಟಿಗೆ ಒಳಗಾಗಿ ನಾಲ್ಕು ದಿನಗಳ ಬಳಿಕ ತೀರಿಕೊಂಡ. ಕೊಂದವನು ಒಖ್ರಾನಾದ ಬೇಹುಗಾರನೂ ಆಗಿದ್ದ.

1912ರ ಏಪ್ರಿಲ್‌ನಲ್ಲಿ ಸೈಬೀರಿಯಾದ ಲೇನಾ ಚಿನ್ನದ ಗಣಿಗಳಲ್ಲಿ ಕೆಟ್ಟ ಮಾಂಸ ಪೂರೈಕೆಯಿಂದ ಶುರುವಾದ ಮುಷ್ಕರದ ಮೇಲೆ ಸೈನಿಕರು ಗುಂಡು ಹಾರಿಸಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಅಲ್ಲಿಂದ ಮುಷ್ಕರಗಳ ಹೊಸ ಅಲೆ ಎದ್ದಿತು. 1914ರ ಜುಲೈನಲ್ಲಿ ರಾಜಧಾನಿಯ ಕಾರ್ಮಿಕ ಬಡಾವಣೆಗಳಲ್ಲಿ ಅಡ್ಡಗಟ್ಟೆಗಳು ಎದ್ದಿದ್ದವು.

ಮಹಾಯುದ್ಧದ ಪೆಟ್ಟು

1914ರ ಆಗಸ್ಟ್ 1ರಂದು ಜರ್ಮನಿ ಯುದ್ಧ ಸಾರಿದಾಗ ದೇಶಭಕ್ತಿಯ ಅಲೆಯಲ್ಲಿ ಮುಷ್ಕರಗಳು ತಣ್ಣಗಾದವು. ಜರ್ಮನ್ ಛಾಯೆಯ ಹೆಸರು ಬೇಡವೆಂದು ರಾಜಧಾನಿಗೆ ಪೆಟ್ರೊಗ್ರಾಡ್ ಎಂದು ಮರುನಾಮಕರಣವಾಯಿತು. ಆದರೆ ಆ ತಿಂಗಳ ಕೊನೆಯಲ್ಲೇ ಟಾನೆನ್‌ಬರ್ಗ್ ಕದನದಲ್ಲಿ ರಷ್ಯಾದ ಒಂದು ಇಡೀ ಸೇನೆ ನಾಶವಾಯಿತು, ಸೇನಾನಿ ಸ್ಯಾಮ್ಸೊನೊವ್ ಗುಂಡು ಹೊಡೆದುಕೊಂಡ. 1915ರಲ್ಲಿ ಫಿರಂಗಿ ಗುಂಡುಗಳಿಗೂ ಬಂದೂಕುಗಳಿಗೂ ಕೊರತೆಯಾಗಿ, ಸತ್ತವನ ಬಂದೂಕು ಎತ್ತಿಕೊಳ್ಳಲೆಂದು ಕೆಲವು ಸೈನಿಕರನ್ನು ಬರಿಗೈಯಲ್ಲಿ ಕಳಿಸುವ ಸ್ಥಿತಿ ಬಂತು. ಪೋಲೆಂಡ್, ಲಿಥುವೇನಿಯಾಗಳು ಕೈಬಿಟ್ಟುಹೋದವು. ಲಕ್ಷಾಂತರ ನಿರಾಶ್ರಿತರು ಒಳನಾಡಿಗೆ ಬಂದರು. ಯುದ್ಧ ಮುಗಿಯುವುದರೊಳಗೆ ಸುಮಾರು ಒಂದೂವರೆ ಕೋಟಿ ಗಂಡಸರು ಸೈನ್ಯಕ್ಕೆ ಸೇರಿದ್ದರು. 1916ರಲ್ಲಿ ಮಧ್ಯ ಏಷ್ಯಾದ ಮುಸ್ಲಿಮರನ್ನು ಕೂಲಿ ಸೇವೆಗೆ ಬಲವಂತವಾಗಿ ಕರೆದಾಗ ಅಲ್ಲಿ ದೊಡ್ಡ ಬಂಡಾಯವೇ ನಡೆಯಿತು.

ಯುದ್ಧ ಖಜಾನೆಯನ್ನೂ ಬರಿದು ಮಾಡಿತು. ಸರ್ಕಾರದ ಆದಾಯದ ಕಾಲು ಭಾಗಕ್ಕೂ ಹೆಚ್ಚು ವೋಡ್ಕಾ ಮಾರಾಟದಿಂದ ಬರುತ್ತಿತ್ತು. 1914ರಲ್ಲಿ ಪಾನನಿಷೇಧ ತಂದು ಸರ್ಕಾರ ಆ ಆದಾಯವನ್ನು ತಾನೇ ನಿಲ್ಲಿಸಿಕೊಂಡಿತು. ಕೊರತೆ ತುಂಬಲು ನೋಟು ಅಚ್ಚು ಹಾಕಿದ್ದರಿಂದ ಬೆಲೆಗಳು 1917ರ ಆರಂಭದ ಹೊತ್ತಿಗೆ ಯುದ್ಧಪೂರ್ವದ ಹಲವು ಪಟ್ಟು ಏರಿದವು. ಧಾನ್ಯ ದೇಶದಲ್ಲಿ ಇಲ್ಲದೆ ಇರಲಿಲ್ಲ. ಬೆಲೆ ಕಳೆದುಕೊಂಡ ನೋಟಿಗೆ ಮಾರಿ, ಪೇಟೆಯಲ್ಲಿ ಸಿಗದ ಸರಕಿಗಾಗಿ ಕಾಯುವುದು ರೈತನಿಗೆ ಬೇಡವಾಗಿತ್ತು. ಸೈನ್ಯದ ಸಾಗಾಟದಿಂದ ದಣಿದ ರೈಲ್ವೆಗೆ ಉತ್ತರದ ನಗರಗಳಿಗೆ ಧಾನ್ಯ ಮುಟ್ಟಿಸುವ ತ್ರಾಣವೂ ಉಳಿದಿರಲಿಲ್ಲ.

ಅರಮನೆಯ ಒಂಟಿತನ

1915ರ ಸೆಪ್ಟೆಂಬರಿನಲ್ಲಿ ನಿಕೊಲಸ್ ಮಂತ್ರಿಗಳ ಎಚ್ಚರಿಕೆಯನ್ನು ಮೀರಿ ತಾನೇ ಮಹಾದಂಡನಾಯಕನಾಗಿ ಮೊಗಿಲೆವ್ ಶಿಬಿರಕ್ಕೆ ಹೋದ. ಅಲ್ಲಿಂದಾಚೆ ಪ್ರತಿಯೊಂದು ಸೋಲಿಗೂ ನೇರ ಹೊಣೆ ಅವನದೇ ಆಯಿತು. ರಾಜಧಾನಿಯಲ್ಲಿ ಜರ್ಮನಿಯಲ್ಲಿ ಹುಟ್ಟಿದ ರಾಣಿ ಅಲೆಕ್ಸಾಂಡ್ರಾಳ ಮಾತು ನಡೆಯತೊಡಗಿತು. ಅವಳ ಒಬ್ಬನೇ ಮಗ ಅಲೆಕ್ಸಿಗೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ. ಸೈಬೀರಿಯಾದ ರೈತ ಗ್ರಿಗೊರಿ ರಾಸ್ಪುಟಿನ್ ಪ್ರಾರ್ಥಿಸಿದಾಗ ಮಗ ಚೇತರಿಸಿಕೊಳ್ಳುತ್ತಾನೆಂಬ ನಂಬಿಕೆಯಿಂದ ಅವಳು ಅವನನ್ನು ದೇವಮಾನವನೆಂದೇ ಕಂಡಳು. ಕಾಯಿಲೆಯ ಸುದ್ದಿಯನ್ನು ಅರಮನೆ ಗುಟ್ಟಾಗಿಟ್ಟಿತ್ತು. ಹಾಗಾಗಿ ಕುಡುಕನೆಂದು ಊರೆಲ್ಲ ಬಲ್ಲ ಒಬ್ಬ ‘ಸಾಧು’ ಅರಮನೆಯೊಳಗೆ ಏಕೆ ಓಡಾಡುತ್ತಿದ್ದಾನೆಂದು ಹೊರಗಿನವರಿಗೆ ಅರ್ಥವಾಗಲಿಲ್ಲ, ಆ ಜಾಗವನ್ನು ಹೊಲಸು ಕಥೆಗಳು ತುಂಬಿದವು. ಮಂತ್ರಿಗಳು ಬದಲಾಗುತ್ತಲೇ ಹೋದರು, ಒಂದು ವರ್ಷದೊಳಗೆ ನಾಲ್ವರು ಪ್ರಧಾನಿ ಸ್ಥಾನದಲ್ಲಿದ್ದರು.

1915ರಲ್ಲಿ ಡೂಮಾದ ಬಹುಮತದ ಪಕ್ಷಗಳು ‘ಪ್ರಗತಿಪರ ಕೂಟ’ ಕಟ್ಟಿ, ಜನರ ವಿಶ್ವಾಸಕ್ಕೆ ಪಾತ್ರವಾದ ಮಂತ್ರಿಮಂಡಲವನ್ನಷ್ಟೇ ಕೇಳಿದವು. ದೊರೆ ಸಭೆಯನ್ನು ಮುಂದೂಡಿದ. 1916ರ ನವೆಂಬರಿನಲ್ಲಿ ಕೆಡೆಟ್ ನಾಯಕ ಪಾವೆಲ್ ಮಿಲ್ಯುಕೊವ್ ಸರ್ಕಾರದ ಒಂದೊಂದೇ ಕೃತ್ಯವನ್ನು ಎತ್ತಿ ಹೇಳಿ, ಇದು ಮೂರ್ಖತನವೋ ದ್ರೋಹವೋ ಎಂದು ಡೂಮಾದಲ್ಲಿ ಪ್ರಶ್ನಿಸಿದ. ಡಿಸೆಂಬರ್ 30ರಂದು ರಾಸ್ಪುಟಿನ್‌ನನ್ನು ಕೊಂದವರು ಕ್ರಾಂತಿಕಾರಿಗಳಲ್ಲ. ರಾಜಕುಮಾರ ಫೆಲಿಕ್ಸ್ ಯುಸುಪೊವ್, ಡೂಮಾದ ಬಲಪಂಥೀಯ ಸದಸ್ಯ ಪುರಿಶ್ಕೆವಿಚ್, ದೊರೆಯ ದಾಯಾದಿ ಗ್ರ್ಯಾಂಡ್ ಡ್ಯೂಕ್ ಡಿಮಿಟ್ರಿ ಆ ಕೊಲೆಯಲ್ಲಿದ್ದರು. ರಾಜನನ್ನು ಉಳಿಸಲು ರಾಜನ ಬಂಧುಗಳೇ ಕೊಲೆಗೆ ಇಳಿಯುವಷ್ಟರ ಮಟ್ಟಿಗೆ ಅರಮನೆ ಒಂಟಿಯಾಗಿತ್ತು.

ಎಂಟು ದಿನಗಳು

1917ರ ಮಾರ್ಚ್ 7ರಂದು ಪುಟಿಲೊವ್ ಕಾರ್ಖಾನೆಯ ಆಡಳಿತ ಲಾಕೌಟ್ ಘೋಷಿಸಿತು. ಮರುದಿನ ಅಂತರರಾಷ್ಟ್ರೀಯ ಮಹಿಳಾ ದಿನ. ವೈಬೋರ್ಗ್ ಬಡಾವಣೆಯ ಗಿರಣಿ ಹೆಂಗಸರು, ರೊಟ್ಟಿ ಅಂಗಡಿಯ ಮುಂದೆ ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಬೇಸತ್ತವರು, ಕೆಲಸ ನಿಲ್ಲಿಸಿ ಲೋಹದ ಕಾರ್ಖಾನೆಗಳ ಗಂಡಸರನ್ನೂ ಹೊರಗೆ ಕರೆದರು. ಮಾರ್ಚ್ 10ರ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಮುಷ್ಕರದಲ್ಲಿದ್ದರು. ಗಲಭೆಯನ್ನು ನಾಳೆಯೇ ನಿಲ್ಲಿಸಿ ಎಂದು ಮೊಗಿಲೆವ್‌ನಿಂದ ದೊರೆಯ ತಂತಿ ಬಂತು. 11ರಂದು ಗುಂಡು ಹಾರಿತು, ಹಲವರು ಸತ್ತರು.

ಮಾರ್ಚ್ 12ರ ಬೆಳಿಗ್ಗೆ ವೊಲಿನ್‌ಸ್ಕಿ ರೆಜಿಮೆಂಟಿನ ಸೈನಿಕರು ಮತ್ತೆ ಗುಂಡು ಹಾರಿಸಲು ಒಪ್ಪದೆ ತಮ್ಮ ಅಧಿಕಾರಿಯನ್ನೇ ಕೊಂದು ಬೀದಿಗೆ ಬಂದರು. ಸಂಜೆಯೊಳಗೆ ಹತ್ತಾರು ಸಾವಿರ ಸೈನಿಕರು ಜನರ ಕಡೆಗಿದ್ದರು. ಇವರಲ್ಲಿ ಹೆಚ್ಚಿನವರು ಯುದ್ಧರಂಗಕ್ಕೆ ಹೋಗಲು ಕಾಯುತ್ತಿದ್ದ ಹೊಸಬರು, ಸಮವಸ್ತ್ರ ತೊಟ್ಟ ರೈತರ ಮಕ್ಕಳು. ಅದೇ ದಿನ ಟಾರಿಡ್ ಅರಮನೆಯಲ್ಲಿ ಎರಡು ಅಧಿಕಾರ ಕೇಂದ್ರಗಳು ಹುಟ್ಟಿದವು. ಒಂದು ಡೂಮಾದ ತಾತ್ಕಾಲಿಕ ಸಮಿತಿ, ಇನ್ನೊಂದು ಕಾರ್ಮಿಕರು ಮತ್ತು ಸೈನಿಕರ ಪೆಟ್ರೊಗ್ರಾಡ್ ಸೋವಿಯತ್.

ರಾಜಧಾನಿಗೆ ಹೊರಟ ದೊರೆಯ ರೈಲು, ದಾರಿ ಮುಚ್ಚಿದ್ದರಿಂದ, ಪ್‌ಸ್ಕೋವ್‌ಗೆ ತಿರುಗಿತು. ಸೇನಾ ಮುಖ್ಯಸ್ಥ ಅಲೆಕ್ಸೆಯೆವ್ ತಂತಿ ಮೂಲಕ ಯುದ್ಧರಂಗದ ಸೇನಾನಿಗಳ ಅಭಿಪ್ರಾಯ ಕೇಳಿದ. ಪಟ್ಟ ಬಿಡುವುದೇ ಮೇಲು ಎಂದು ಅವರು ಸಲಹೆಯಿತ್ತರು. 1905ರಲ್ಲಿ ಕಾಪಾಡಿದ್ದ ಸೈನ್ಯ ಈಗ ಕೈಬಿಟ್ಟಿತು. ನಿಕೊಲಸ್ ಕಾಯಿಲೆಯ ಮಗನನ್ನು ಬಿಟ್ಟು ತಮ್ಮ ಮಿಖಾಯಿಲ್‌ಗೆ ಪಟ್ಟ ವಹಿಸಿದ. ಮರುದಿನ ಮಿಖಾಯಿಲ್ ಅದನ್ನು ನಿರಾಕರಿಸಿದ, ರಾಜಪ್ರಭುತ್ವ ಅಲ್ಲಿಗೆ ಮುಗಿಯಿತು.

ಕಾರಣಗಳ ತೂಕ

ಯುದ್ಧ ಬಾರದಿದ್ದರೆ ರಷ್ಯಾ ನಿಧಾನವಾಗಿ ಸಂವಿಧಾನಬದ್ಧ ರಾಜ್ಯವಾಗುತ್ತಿತ್ತು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಕೈಗಾರಿಕೆ, ಶಿಕ್ಷಣ, ಸ್ವಂತ ಜಮೀನಿನ ರೈತರು 1914ಕ್ಕೆ ಮುನ್ನ ಬೆಳೆಯುತ್ತಿದ್ದುದನ್ನು ಅವರು ಎತ್ತಿ ತೋರಿಸುತ್ತಾರೆ. ಅಮೆರಿಕದ ಇತಿಹಾಸಕಾರ ಲಿಯೊಪೋಲ್ಡ್ ಹೈಮ್‌ಸನ್ 1960ರ ದಶಕದಲ್ಲಿ ಇದಕ್ಕೆ ಎದುರು ವಾದ ಮಂಡಿಸಿದ. ಯುದ್ಧಕ್ಕೆ ಮುಂಚೆಯೇ ನಗರದ ಕಾರ್ಮಿಕರಿಗೂ ಮೇಲ್ವರ್ಗಕ್ಕೂ, ಆ ವಿದ್ಯಾವಂತ ಮೇಲ್ವರ್ಗಕ್ಕೂ ಪ್ರಭುತ್ವಕ್ಕೂ ನಡುವೆ ಮುಚ್ಚಲಾಗದ ಕಂದಕ ಬಿದ್ದಿತ್ತು ಎಂಬುದು ಅವನ ನಿಲುವು.

ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡನೆಯ ವಾದಕ್ಕೆ ಬಲ ಹೆಚ್ಚು. ಭೂಮಿಯ ಹಸಿವು, ಕಾರ್ಖಾನೆಯ ಕಷ್ಟ, ಭಾಷೆ ಮತ್ತು ಧರ್ಮದ ದಬ್ಬಾಳಿಕೆ ಬಂಡಾಯಕ್ಕೆ ಜನರನ್ನು ಒದಗಿಸಿದವು. ಯುದ್ಧ ಕಾಲವನ್ನು ನಿರ್ಧರಿಸಿತು. ಆದರೆ 1895, 1906, 1907, 1915, ಈ ನಾಲ್ಕು ಸಲವೂ ರಾಜನ ಬಳಿಗೆ ಬಂದವರು ಅವನನ್ನು ಇಳಿಸಲು ಬಂದವರಲ್ಲ, ಆಡಳಿತದಲ್ಲಿ ಪಾಲು ಕೇಳಲು ಬಂದವರು. ಪ್ರತಿ ಸಲವೂ ಬಾಗಿಲು ಮುಚ್ಚಿತು. ಹೀಗಾಗಿ 1917ರಲ್ಲಿ ರೊಟ್ಟಿ ಕೇಳಿದ ಹೆಂಗಸರಿಗೂ ಪಟ್ಟ ಬಿಡಿ ಎಂದ ಸೇನಾನಿಗಳಿಗೂ ನಡುವೆ ರಾಜನ ಪರ ನಿಲ್ಲುವ ಒಂದು ವರ್ಗವೂ ಉಳಿದಿರಲಿಲ್ಲ. ಅಧಿಕಾರ ಹಂಚಿಕೊಳ್ಳಲು ಒಪ್ಪದ ಪ್ರಭುತ್ವ ಅದನ್ನು ಪೂರ್ತಿಯಾಗಿ ಕಳೆದುಕೊಂಡಿತು. ಎಂಟು ತಿಂಗಳ ನಂತರ, 1917ರ ನವೆಂಬರ್ 7ರಂದು, ಅದೇ ಅಧಿಕಾರ ಬೊಲ್ಶೆವಿಕರ ಕೈಸೇರಿತು. ನಿಕೊಲಸ್ ಮತ್ತು ಅವನ ಕುಟುಂಬವನ್ನು 1918ರ ಜುಲೈ 17ರಂದು ಯೆಕಟೆರಿನ್‌ಬರ್ಗಿನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.